ಅರ್ಧಾಳು

ನಮ್ಮ ಮುಖ್ಯ ಶಿಕ್ಷಕರು ‘ಒತ್ತಡರಹಿತ ಬೋಧನೆ’ ಎಂಬ ತರಬೇತಿಗೆ ಮೈಸೂರಿಗೆ ಹೋದರು. ಹೋಗುವಾಗ ತಮ್ಮ ಒತ್ತಡವನ್ನೆಲ್ಲ ಬೀರುವಿನ ಕೀಲಿಕೈ ಸಮೇತ ನನ್ನ ಕೈಗಿಟ್ಟು, ಹಗುರಾದ ಮನಸ್ಸಿನಿಂದ ಬಸ್ಸು ಹತ್ತಿದರು. ತರಬೇತಿ ಅಲ್ಲಿಗೇ ಅರ್ಧ ಯಶಸ್ವಿಯಾಗಿತ್ತು.

ನಮ್ಮದು ಪಿರಿಯಾಪಟ್ಟಣ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಿರಿಯ ಪ್ರಾಥಮಿಕ ಶಾಲೆ. ನಾನು ಹುಣಸೂರಿನಿಂದ ಸ್ಕೂಟರಿನಲ್ಲಿ ಬರುತ್ತೇನೆ. ಆರನೇ ತರಗತಿಗೂ ನಾನೇ, ಏಳನೇ ತರಗತಿಗೂ ನಾನೇ. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಬೋರ್ಡಿನ ಮುಂದೆ. ನಡುವೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆಯ ಎಡಕ್ಕೆ ಆರು, ಬಲಕ್ಕೆ ಏಳು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಹಜಾರಕ್ಕೆ ಎಳೆಯುತ್ತಾರಲ್ಲ, ಅಂಥ ಗೆರೆ. ಅದನ್ನು ಮಕ್ಕಳು ಕೂಡ ಅಷ್ಟೇ ಗೌರವಿಸುತ್ತಾರೆ. ಏಳನೆಯವರಿಗೆ ಕೇಳಿದ ಪ್ರಶ್ನೆಗೆ ಆರನೆಯವರು ಉತ್ತರ ಹೇಳುತ್ತಾರೆ, ಆರನೆಯವರಿಗೆ ಕೇಳಿದ್ದಕ್ಕೆ ಯಾರೂ ಹೇಳುವುದಿಲ್ಲ.

ಅವತ್ತು ತಾಲ್ಲೂಕು ಮಟ್ಟದ ಖೋಖೋ. ನಮ್ಮ ಹುಡುಗಿಯರು ಹೋಬಳಿಯಲ್ಲಿ ಗೆದ್ದುಬಿಟ್ಟಿದ್ದರು. ಇದು ನಮಗೆಲ್ಲ ಎಷ್ಟು ಅನಿರೀಕ್ಷಿತವಾಗಿತ್ತೆಂದರೆ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಖೋಖೋಗೆ ಒಂಬತ್ತು ಜನ ಬೇಕು. ಎರಡೂ ತರಗತಿ ಜಾಲಾಡಿದರೂ ನಮ್ಮಲ್ಲಿ ಓಡಬಲ್ಲ ಹುಡುಗಿಯರು ಇರುವುದೇ ಒಂಬತ್ತು ಜನ. ದೊಡ್ಡ ಶಾಲೆಗಳಲ್ಲಿ ಬದಲಿ ಆಟಗಾರ್ತಿಯರು ಇರುತ್ತಾರೆ. ನಮಗೆ ಬದಲಿ ಎಂದರೆ ದೇವರು.

ಬೆಳಗ್ಗೆ ಗೇಟಿನ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಸುತ್ತಲಿನ ನಾಲ್ಕಾರು ಶಾಲೆಗಳಿಗೆ ಒಬ್ಬರೇ ಆದ ದೈಹಿಕ ಶಿಕ್ಷಕರು ಕೊರಳಲ್ಲಿ ಸೀಟಿ ಹಾಕಿಕೊಂಡು ತಲೆ ಎಣಿಸುತ್ತಿದ್ದರು. ಎಂಟು. ಮತ್ತೆ ಎಣಿಸಿದರು. ಎಂಟೇ. ಬಾರದವಳು ಯಾರೆಂದು ನೋಡದೆಯೇ ನನಗೆ ಗೊತ್ತಾಯಿತು.

ಏಳನೇ ತರಗತಿಯ ಹುಡುಗಿ ಅವಳು. ಕಡ್ಡಿಯಂತೆ ತೆಳ್ಳಗಿದ್ದಾಳೆ. ಅಂಕಣದೊಳಗೆ ಬಿಟ್ಟರೆ ಬೆಂದ ಬೆಂಡೆಕಾಯಿ ಹಾಗೆ ಎಲ್ಲರ ಕೈಯಿಂದಲೂ ಜಾರುತ್ತಾಳೆ. ತಂಡವೆಂದರೆ ಅವಳೇ, ಮಿಕ್ಕವರು ಜೊತೆಗಿರುತ್ತಾರೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಗೂಡುಗಳಿಗೆ ಈ ವರ್ಷದ ಬೆಂಕಿ ಹಚ್ಚಿದ ಮೇಲೆ ಅವಳು ಶಾಲೆಗೆ ಒಂದು ದಿನ ಬಂದರೆ ಎರಡು ದಿನ ಇಲ್ಲ. ನಮ್ಮ ಕಡೆ ಆಗಸ್ಟ್ ಎಂದರೆ ಹೊಗೆಸೊಪ್ಪಿನ ಕಾಲ. ಬೆಳಗ್ಗೆ ಹೊಲದಲ್ಲಿ ಎಲೆ ಮುರಿಯಬೇಕು, ಸಂಜೆಯೊಳಗೆ ಅದನ್ನು ಕಡ್ಡಿಗೆ ಕಟ್ಟಬೇಕು, ಕಟ್ಟಿದ್ದನ್ನು ಬ್ಯಾರನ್‌ಗೆ ತುಂಬಿ ಬೆಂಕಿ ಕೊಡಬೇಕು. ತಡವಾದರೆ ಎಲೆ ಬಾಡಿ ಹಾಳಾಗುತ್ತದೆ. ಪಾಠ ತಡವಾದರೆ ಏನೂ ಬಾಡುವುದಿಲ್ಲವಲ್ಲ, ಹಾಗಾಗಿ ಮಕ್ಕಳು ಸೊಪ್ಪಿಗೆ ಹೋಗುತ್ತಾರೆ.

ಅವಳ ಅಕ್ಕನೂ ನನ್ನ ವಿದ್ಯಾರ್ಥಿನಿಯೇ. ಇದೇ ಏಳನೇ ತರಗತಿಯಲ್ಲಿ, ಇದೇ ತಿಂಗಳಲ್ಲಿ, ಸೊಪ್ಪಿಗೆಂದು ನಾಲ್ಕು ದಿನ ರಜೆ ಹಾಕಿ ಹೋದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗ ಕೆ.ಆರ್. ನಗರದ ಆಚೆ ಭೇರ್ಯದ ಕಡೆ ಮದುವೆಯಾಗಿದ್ದಾಳೆ. ಸಂತೆಯಲ್ಲಿ ಒಮ್ಮೆ ಸಿಕ್ಕಿ, “ಚೆನ್ನಾಗಿದೀನಿ ಮಿಸ್” ಅಂದಳು. ಇರಬಹುದು. ತಂಗಿಯೂ ಹಾಗೆಯೇ ಚೆನ್ನಾಗಿಬಿಡುತ್ತಾಳೆಂಬುದು ನನ್ನ ಹೆದರಿಕೆಯಾಗಿತ್ತು.

“ಅರ್ಧ ಗಂಟೆ ನಿಲ್ಲಿ ಸಾರ್” ಎಂದು ದೈಹಿಕ ಶಿಕ್ಷಕರಿಗೆ ಹೇಳಿ, ಕೆಳಗಿನ ತರಗತಿಗಳ ಮೇಡಂಗೆ ನನ್ನ ಗೆರೆಯ ಎರಡೂ ಬದಿ ಒಪ್ಪಿಸಿ, ಸ್ಕೂಟರ್ ಹತ್ತಿದೆ.

ಮನೆಯ ಜಗಲಿಯ ಮೇಲೆ ಅವಳ ಅಜ್ಜಿ ಕೂತಿದ್ದರು. ಆ ಮನೆಯ ಯಜಮಾನಿಕೆ ಅವರದೇ. ಮಗ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಸೊಸೆ ಬೆಳಕು ಹರಿಯುವ ಮೊದಲೇ ಹೊಲದಲ್ಲಿರುತ್ತಾಳೆ.

“ಅಜ್ಜಿ, ಹುಡುಗಿ ಎಲ್ಲಿ? ಆಟ ಇದೆ ಇವತ್ತು” ಅಂದೆ.

“ಆಟ ಅದೆ ಅಂತ ನಂಗೂ ಗೊತ್ತು ಕಣ್ರವ್ವ. ಮುಯ್ಯಿ ಅದೆ ಅಂತ ನಿಮ್ಗೆ ಗೊತ್ತಾ?” ಅಂದರು. “ನಿನ್ನೆ ಆ ಎದ್ರು ಮನೆಯೋರು ಬಂದು ನಮ್ ಸೊಪ್ಪು ಕಟ್ಟವ್ರೆ. ಇವತ್ತು ಅವ್ರ ಬ್ಯಾರನ್‌ಗೆ ನಮ್ಮನೆಯಿಂದ ಒಂದಾಳು ಓಗ್ಬೇಕು. ಇವ್ರವ್ವ ಸೊಪ್ಪು ಮುರಿಯಕ್ಕೆ ಓಗವ್ಳೆ. ನನ್ ಬೆಳ್ಳು ಮಡಚಾಕಿಲ್ಲ. ಈ ಕೂಸು ಓಗ್ದೆ ಇನ್ಯಾರು ಓಗಾರು?”

ಮುಯ್ಯಾಳು ಎಂದರೆ ಇಷ್ಟೇ. ನಿಮ್ಮ ಕೆಲಸಕ್ಕೆ ನಾನು ಬಂದರೆ ನನ್ನ ಕೆಲಸಕ್ಕೆ ನೀವು ಬರಬೇಕು. ಕೂಲಿಯಿಲ್ಲ, ಬರವಣಿಗೆಯಿಲ್ಲ, ಮರೆವೂ ಇಲ್ಲ. ಇಲ್ಲಿನ ಜನ ಬ್ಯಾಂಕಿನವರ ಕಣ್ಣು ತಪ್ಪಿಸಿ ಓಡಾಡಬಲ್ಲರು, ಆದರೆ ಮುಯ್ಯಿ ಉಳಿಸಿಕೊಂಡು ಎದುರುಮನೆಯವರ ಮುಖ ನೋಡಲಾರರು.

ನಾನು ಸುಮ್ಮನಿರದೆ ಕಾನೂನು ತೆಗೆದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳು, ಶಿಕ್ಷಣದ ಹಕ್ಕು, ಶಿಕ್ಷೆ, ದಂಡ ಎಲ್ಲ ಹೇಳಿದೆ. ಅಜ್ಜಿ ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಕಾನೂನು ಬಂದು ಸೊಪ್ಪು ಕಟ್ತದಾ? ಕಟ್ಟೋದಾದ್ರೆ ಕರ್ಕೊಂಡ್ ಬನ್ನಿ, ಕಾಫಿ ಕೊಡ್ತೀನಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮನೆಯವರು ಹೇಳುವುದುಂಟು. ಅವತ್ತು ಅದು ಅಲ್ಲಿಂದ ಬಾಯಿಗೇ ಇಳಿಯಿತು. “ಕಾನೂನು ಯಾಕೆ ಅಜ್ಜಿ, ನಾನೇ ಬರ್ತೀನಿ! ಅವಳ ಬದಲು ನಾನು ಕೂತು ಕಟ್ತೀನಿ, ಆಯ್ತಾ?” ಎಂದುಬಿಟ್ಟೆ. ಬೇರೆ ಯಾವ ಊರಿನಲ್ಲಾದರೂ ಮೇಡಂ ಹೀಗಂದರೆ ಎದುರಿಗಿದ್ದವರು ನಾಚಿಕೊಂಡು, “ಅಯ್ಯೋ ಬಿಡ್ತು ಅನ್ನಿ” ಎಂದು ಮಗುವನ್ನು ಕಳಿಸುತ್ತಾರೆ. ನಾನು ನೆಚ್ಚಿಕೊಂಡದ್ದೂ ಅದನ್ನೇ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಯಾವೊತ್ತಿಗೆ ಬತ್ತೀರಿ?”

“ಸ್ಕೂಲ್ ಬಿಟ್ಟ ಮೇಲೆ... ನಾಲ್ಕೂವರೆಗೆ” ಎಂದು ತೊದಲಿದೆ.

“ಒತ್ತಿಳಿದ್ ಮ್ಯಾಕೆ ಬಂದ್ರೆ ಅರ್ಧಾಳು. ಮಿಕ್ಕಿದ್ದರ್ಧ ನಾನೇ ಓಗಿ ಕುಂತ್ಕತೀನಿ ಬುಡಿ” ಅಂದು, ಒಳಗೆ ತಿರುಗಿ, “ಓಗಮ್ಮಿ, ನಿಮ್ ಮೇಡಮ್ಮು ಬಂದವ್ರೆ” ಎಂದು ಕೂಗಿದರು.

ಹುಡುಗಿ ಬಾಗಿಲ ಹಿಂದಿನಿಂದಲೇ ಹೊರಬಂದಳು. ಲಂಗದ ಮೇಲೆ ತಂಡದ ಬನಿಯನ್ ಆಗಲೇ ಹಾಕಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ ಏನೋ. ನನ್ನ ಸ್ಕೂಟರಿನ ಹಿಂದೆ ಕೂತವಳು ದಾರಿಯುದ್ದಕ್ಕೂ ನನ್ನ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಟೋ ಹೊರಟಿತು. ನಾನು ತರಗತಿಗೆ ಬಂದೆ. ಒಂಬತ್ತು ಹುಡುಗಿಯರು ಆಟಕ್ಕೆ, ಮಿಕ್ಕವರಲ್ಲಿ ಅರ್ಧ ಸೊಪ್ಪಿಗೆ. ಏಳನೇ ತರಗತಿಯ ಬದಿಯಲ್ಲಿ ಉಳಿದದ್ದು ಕಿಟಕಿಯಿಂದ ಹೊರಗೆ ನೋಡುವವರು ಮತ್ತು ಕಿಟಕಿ ಸಿಗದವರು. ಎಡಕ್ಕೆ ‘ನಮ್ಮ ಕರ್ನಾಟಕದ ನದಿಗಳು’ ಬರೆದೆ, ಬಲಕ್ಕೆ ಒಂದು ಸರಳ ಸಮೀಕರಣ ಬರೆದೆ. ಕಾವೇರಿ ಉಗಮಿಸುವ ಹೊತ್ತಿಗೆ ಫೋನು ಕಿರ್ರೆಂದಿತು.

ನಮ್ಮ ಇಲಾಖೆಯ ಸಂದೇಶಗಳಲ್ಲಿ ಮೂರು ಜಾತಿ. ‘ತುರ್ತು’ ಎಂದರೆ ನಾಳೆ ಕೊಟ್ಟರೂ ನಡೆಯುತ್ತದೆ. ‘ಅತಿ ತುರ್ತು’ ಎಂದರೆ ಸಂಜೆಯೊಳಗೆ. ‘ಈ ಕೂಡಲೇ’ ಎಂದರೆ ನಿನ್ನೆಯೇ ಕೊಡಬೇಕಿತ್ತು. ಅವತ್ತು ಬಂದದ್ದು ಮೂರನೆಯ ಜಾತಿಯದು. ಶಾಲೆಯ ಶೌಚಾಲಯದ ಬಾಗಿಲಿನ ಫೋಟೋ, ಮುಚ್ಚಿದ್ದು ಒಂದು, ತೆರೆದದ್ದು ಒಂದು. ಫೋಟೋ ತೆಗೆಯುವುದು ಸುಲಭ. ಕಳಿಸುವುದಕ್ಕೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಬೇಕಾದರೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಬೇಕು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದು ಕಟ್ಟೆಯ ಮೇಲೆ ನಿಂತಾಗ, ರಸ್ತೆಯಲ್ಲಿ ಬೈಲಕುಪ್ಪೆ ಕಡೆಗೆ ಹೋಗುತ್ತಿದ್ದ ಬಸ್ಸಿನ ಕಿಟಕಿಯಿಂದ ಇಬ್ಬರು ಲಾಮಾಗಳು ನನ್ನನ್ನು ಕಂಡು ಕೈ ಮುಗಿದರು. ಏನೋ ವ್ರತ ಇರಬೇಕು ಅಂದುಕೊಂಡರೋ ಏನೋ. ನಾನೂ ಮುಗಿಯೋಣವೆಂದರೆ ಕೈ ಖಾಲಿ ಇರಲಿಲ್ಲ.

ಇಳಿದು ಬಂದಾಗ ಗೆರೆಯ ಎಡಬದಿಯ ನದಿಗಳನ್ನೆಲ್ಲ ಯಾರೋ ಅಳಿಸಿ ಅಲ್ಲಿ ನನ್ನ ಚಿತ್ರ ಬರೆದಿದ್ದರು. ಟ್ಯಾಂಕಿನ ಮೇಲೆ ನಿಂತ ಚಿತ್ರ. ಹೋಲಿಕೆ ಚೆನ್ನಾಗಿತ್ತು, ಅದೇ ಬೇಜಾರು.

ಮಧ್ಯಾಹ್ನ ಮೊಟ್ಟೆ. ಮೊಟ್ಟೆಯ ದಿನ ನಮ್ಮ ಶಾಲೆಯ ಗಣಿತ ಪಾಠಕ್ಕಿಂತ ಕಠಿಣ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ನಮ್ಮಲ್ಲಿ ಲಿಂಗಾಯತರ ಮನೆಯ ಮಕ್ಕಳು ಬಾಳೆಹಣ್ಣಿನವರು, ಮನೆಯಲ್ಲಿ ಹಾಗೆಂದು ಬರೆಸಿ ಕಳಿಸಿರುತ್ತಾರೆ. ಅವರಲ್ಲಿ ಕೆಲವರು ಅಡುಗೆಕೋಣೆಯ ಹಿಂದೆ ಬಾಳೆಹಣ್ಣು ಕೊಟ್ಟು ಮೊಟ್ಟೆ ತಗೊಳ್ಳುತ್ತಾರೆ. ಗೊತ್ತಿದ್ದೂ ನಾನು ಅತ್ತ ಹೋಗುವುದಿಲ್ಲ. ಮಕ್ಕಳು ತಮ್ಮಷ್ಟಕ್ಕೆ ತಾವು ಕಲಿಯುವ ವಿಷಯಗಳಿಗೆ ಅಡ್ಡಿ ಮಾಡಬಾರದೆಂದು ತರಬೇತಿಯಲ್ಲಿ ಹೇಳಿದ್ದಾರೆ.

ಮಕ್ಕಳು ಇನ್ನೂ ಸಿಪ್ಪೆ ಬಿಡಿಸುತ್ತಿರುವಾಗಲೇ ಒಂದು ಜೀಪು ಬಂದು ನಿಂತಿತು. ಮೇಲಧಿಕಾರಿಗಳು. ಅವರು ಬರುವುದು ಯಾವಾಗಲೂ ಮೊಟ್ಟೆಯ ದಿನವೇ, ಇದು ಕಾಕತಾಳೀಯ ಎಂದು ಅಡುಗೆಯವರು ಕೂಡ ನಂಬುವುದಿಲ್ಲ. ತರಗತಿ ನೋಡಿದರು. ಗೆರೆ ನೋಡಿದರು. ಚಿತ್ರ ನೋಡಿದರು, ಪುಣ್ಯಕ್ಕೆ ಗುರುತು ಹಿಡಿಯಲಿಲ್ಲ. ಆಮೇಲೆ ಖಾಲಿ ಬೆಂಚುಗಳನ್ನು ನೋಡಿದರು.

“ಇವರೆಲ್ಲ ಎಲ್ಲಿ?”

“ಒಂಬತ್ತು ಜನ ಖೋಖೋಗೆ ಸರ್. ಮಿಕ್ಕವರು ಸೊಪ್ಪಿಗೆ.”

“ಸೊಪ್ಪಿಗೆ ಅಂತ ಬರೆಯೋಕೆ ಆಗುತ್ತೇನ್ರೀ? ನಮ್ಮ ತಾಲ್ಲೂಕಿನಲ್ಲಿ ಮಕ್ಕಳು ಸೊಪ್ಪಿಗೆ ಹೋಗ್ತಿಲ್ಲ ಅಂತ ನಾವು ಆಗಲೇ ವರದಿ ಕೊಟ್ಟಾಗಿದೆ.”

“ಹಾಗಾದ್ರೆ ಇವರು ಹೋಗಿಲ್ಲ ಸರ್” ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಮುಖವನ್ನು ನೇರವಾಗಿ ಇಟ್ಟುಕೊಂಡೆ, ಇಪ್ಪತ್ತು ವರ್ಷದ ಸೇವೆಯಲ್ಲಿ ಕಲಿತ ವಿದ್ಯೆ ಅದೊಂದೇ. “ಶಿಕ್ಷಕರು ಸಮುದಾಯದ ಜೊತೆ ಬೆರೆಯಬೇಕು ಮೇಡಂ. ಮನೆಮನೆಗೆ ಹೋಗಬೇಕು. ಹಾಜರಾತಿ ಹೆಚ್ಚಿಸೋಕೆ ನೀವು ಕೈಗೊಂಡ ವಿನೂತನ ಕ್ರಮಗಳ ಬಗ್ಗೆ ಒಂದು ವರದಿ ಕೊಡಿ. ಫೋಟೋ ಸಮೇತ” ಎಂದರು. ಎರಡು ಮೊಟ್ಟೆ ತಿಂದರು. ಹೊರಟರು.

ನಾಲ್ಕೂವರೆಗೆ ಬೆರೆಯಲು ಹೊರಟೆ.

ಎದುರುಮನೆಯವರ ಬ್ಯಾರನ್ ಮುಂದೆ ತಗಡಿನ ಚಪ್ಪರ. ಕೆಳಗೆ ಹಸಿರು ಎಲೆಯ ರಾಶಿ, ಸುತ್ತ ಹೆಂಗಸರು. ನಾನು ಕಾಲಿಟ್ಟದ್ದೇ ತಡ, “ನಮಸ್ತೇ ಮಿಸ್!” ಎಂದು ಒಕ್ಕೊರಲಿನ ಕೂಗು ಬಂತು. ನೋಡಿದರೆ ನನ್ನ ಆರನೇ ತರಗತಿಯ ಒಂದು ಬೆಂಚು ಇಡಿಯಾಗಿ ಅಲ್ಲಿ ಕೂತಿತ್ತು. ಏಳನೆಯವರೂ ಇದ್ದರು. ನನ್ನ ಕೋಣೆಗಿಂತ ಅಲ್ಲಿಯ ಹಾಜರಾತಿ ಎಷ್ಟೋ ಮೇಲಾಗಿತ್ತು, ನಡುವೆ ಗೆರೆಯೂ ಇರಲಿಲ್ಲ.

ಅಜ್ಜಿ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಮಡಚಲಾಗದ ಬೆರಳುಗಳಿಂದ ಬೆಳಗಿನಿಂದ ಕಟ್ಟಿದ್ದು ಅವರ ಪಕ್ಕದಲ್ಲಿ ಒತ್ತಾಗಿ ಬಿದ್ದಿತ್ತು. ನನ್ನನ್ನು ಕಂಡು, “ಬಂದ್ರು ನೋಡು, ನಮ್ಮ ಮಿಕ್ಕರ್ಧ” ಅಂದರು. ಎಲ್ಲರೂ ನಕ್ಕರು.

“ಮೇಡಮ್ಮೋರೆ, ಸೀರೆ ಮ್ಯಾಕೆತ್ಕಳಿ, ಅಂಟಾದ್ರೆ ಓಗಾಕಿಲ್ಲ” ಎಂದು ಆ ಮನೆಯಾಕೆ ಗೋಣಿತಾಟು ಹಾಸಿಕೊಟ್ಟರು.

ಎರಡೆರಡು ಎಲೆ ಜೋಡಿಸಿ, ದಾರ ಸುತ್ತಿ, ಕಡ್ಡಿಯ ಆಚೆಗೊಂದು ಈಚೆಗೊಂದು ಬರುವಂತೆ ಬಿಗಿಯಬೇಕು. ಕೇಳಲು ಸುಲಭ. ನನ್ನ ಮೊದಲ ಕಡ್ಡಿ ಎತ್ತಿದಾಗ ಎಲೆಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಉದುರಿಹೋದವು. ಆರನೇ ತರಗತಿಯವನೊಬ್ಬ ಬಹಳ ಗಂಭೀರವಾಗಿ, “ಮಿಸ್, ಗಮನ ಇಟ್ಟು ಮಾಡ್ಬೇಕು” ಅಂದ. ನನ್ನದೇ ಮಾತು, ನನ್ನದೇ ದನಿ. ಇನ್ನೊಂದು ಕಡ್ಡಿ ಎತ್ತಿಕೊಂಡೆ.

ಸ್ವಲ್ಪ ಹೊತ್ತಿಗೆ ಕೈ ಕಪ್ಪಾಯಿತು. ಸೊಪ್ಪಿನ ಅಂಟು ಬೆರಳಿಗೆ ಹತ್ತಿ, ಬೆರಳು ಬೆರಳಿಗೇ ಅಂಟತೊಡಗಿತು. ಆಮೇಲೆ ತಲೆ ತಿರುಗಿತು, ಹೊಟ್ಟೆ ತೊಳಸಿತು. “ಮೊದ್ಲು ಮೊದ್ಲು ಅಂಗೇ ಆಗದು, ಮಕ್ಳೂ ಒಂದೆರಡ್ ದಿಸ ಕಕ್ಕೊತವೆ” ಎಂದು ಯಾರೋ ಮಜ್ಜಿಗೆ ತಂದುಕೊಟ್ಟರು. ಕೊಟ್ಟವರ ದನಿಯಲ್ಲಿ ಪ್ರೀತಿಯೇ ಇತ್ತು. ನನಗೆ ಮಾತ್ರ ಸಿಟ್ಟು ಬಂತು. ಆ ಮಾತಿನ ಮೇಲೆ, ಆ ಎಲೆಯ ಮೇಲೆ, ಹೋಗುತ್ತಿಲ್ಲ ಎಂದು ಬರೆದುಕೊಟ್ಟ ವರದಿಯ ಮೇಲೆ. ಎದುರಿಗೆ ಕೂತಿದ್ದ ಪುಟ್ಟ ಪುಟ್ಟ ಕಪ್ಪು ಕೈಗಳನ್ನು ನೋಡುತ್ತ ಅಳು ಬಂದು, ಮಜ್ಜಿಗೆಯ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ. ಆಮೇಲೆ ಸುಮ್ಮನೆ ಕೂರಲಾಗದೆ, ಮಧ್ಯಾಹ್ನ ಅಳಿಸಿಹೋದ ನದಿಗಳನ್ನೆಲ್ಲ ಅಲ್ಲೇ ಬಾಯಿಪಾಠ ಹೇಳಿಸಿದೆ.

ಹೊತ್ತು ಮುಳುಗುವಾಗ ಆಟೋ ಬಂತು. ಹುಡುಗಿ ಇಳಿದು ನೇರವಾಗಿ ಚಪ್ಪರಕ್ಕೇ ಬಂದಳು. ಮೊಣಕಾಲು ಎರಡೂ ತರಚಿತ್ತು.

“ಏನಾಯ್ತೇ?”

“ಮೊದಲ್ನೇದು ಗೆದ್ವಿ ಮಿಸ್. ಎರಡ್ನೇದು ಸೋತ್ವಿ. ಅವ್ರಿಗೆಲ್ಲ ಶೂ ಇತ್ತು.” ಮೊಣಕಾಲಿನ ಮಣ್ಣು ಒರೆಸಿಕೊಂಡು, “ನನ್ನ ಮುಟ್ಟಕ್ಕಾಗ್ಲಿಲ್ಲ ಅವ್ರಿಗೆ” ಅಂದಳು. ಅಷ್ಟು ಹೇಳುವಾಗ ಅವಳ ಮುಖ ಬೆಳಗಿತು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ, ನನ್ನ ಸಡಿಲ ಗಂಟುಗಳನ್ನೆಲ್ಲ ಬಿಚ್ಚಿ ಬಿಗಿಯಾಗಿ ಕಟ್ಟತೊಡಗಿದಳು. ಬೆಳಗ್ಗೆ ಅವಳನ್ನು ಬಿಡಿಸಿಕೊಂಡು ಹೋದದ್ದಕ್ಕೆ ಏನು ಸಿಕ್ಕಂತಾಯಿತು ಎಂದು ನನಗೆ ಅನ್ನಿಸಿತು. ಅವಳ ಅಕ್ಕನೂ ಶಾಲೆ ಬಿಡುವ ಮುಂಚಿನ ದಿನಗಳಲ್ಲಿ ಬೆಂಚಿನ ಮೇಲೆ ಹೀಗೇ ತಲೆ ಬಗ್ಗಿಸಿ ಕೂತಿರುತ್ತಿದ್ದಳು.

ಹೊರಡುವಾಗ ಅಜ್ಜಿ ಗೋಡೆ ಹಿಡಿದು ಎದ್ದು ನಿಂತರು. “ನಮ್ಮನೆ ಪರವಾಗಿ ನೀವು ಕುಂತ್ರಿ. ಈಗ ನಿಮ್ ಮುಯ್ಯಿ ನಮ್ ತಲೆ ಮ್ಯಾಲದೆ. ನಿಮ್ಮನೇಲಿ ಏನ್ ಗೇಮೆ-ಕೆಲ್ಸ ಅದೆ ಏಳಿ, ಆಳು ಕಳಿಸ್ತೀನಿ.”

“ಅಯ್ಯೋ, ಬೇಡ ಬಿಡಿ ಅಜ್ಜಿ. ಹುಣಸೂರಲ್ಲಿ ಎರಡು ರೂಮಿನ ಬಾಡಿಗೆ ಮನೆ, ಒಂದು ತುಳಸಿ ಕುಂಡ.”

ಅಜ್ಜಿಯ ಮುಖ ಬಿಗಿಯಾಯಿತು. “ಬ್ಯಾಡ ಅನ್ನಂಗಿಲ್ಲ. ನಾವೇನ್ ಮುಯ್ಯಿ ತಿನ್ಕೊಂಡ್ ಬದುಕೋ ಜನವಾ?”

ಆಗ ನನಗೆ ಹೊಳೆಯಿತು. ಬೆಳಗಿನಿಂದ ಕಾನೂನು, ಹಕ್ಕು, ಭವಿಷ್ಯ ಎಂದೆಲ್ಲ ಬಾಯಿ ಬಡಿದುಕೊಂಡ ನಾನು ಈ ಒಂದು ಮಾತನ್ನು ಹೇಳಿರಲಿಲ್ಲ.

“ನನ್ನ ಗೇಮೆ ಶಾಲೇಲಿ ಕಣಜ್ಜಿ. ಅಲ್ಲಿ ಆಳಿಲ್ಲದೆ ಬೆಂಚು ಖಾಲಿ ಬಿದ್ದಿದೆ. ಇವಳನ್ನೇ ಕಳಿಸಿ.”

ಚಪ್ಪರದಲ್ಲಿ ಎಲ್ಲರೂ ಕೈ ನಿಲ್ಲಿಸಿದರು. ಹುಡುಗಿ ತಲೆ ಎತ್ತಲಿಲ್ಲ, ಅವಳ ಬೆರಳುಗಳು ಮಾತ್ರ ದಾರದ ಮೇಲೆ ನಿಂತುಬಿಟ್ಟವು. ಅಜ್ಜಿ ಅವಳತ್ತ ಒಮ್ಮೆ ನೋಡಿ, “ಆಗ್ಲಿ. ಮುಯ್ಯಿ ಅಂದ್ಮೇಲೆ ಮುಯ್ಯಿ. ನಾಳೀಕೆ ಇವ್ಳು ನಿಮ್ಮಾಳು” ಅಂದರು.

ಮಾರನೆಯ ದಿನ ಮೊದಲ ಬೆಲ್ಲಿಗೆ ಮೊದಲೇ ಅವಳು ಬೆಂಚಿನಲ್ಲಿದ್ದಳು. ಜಡೆ ಬಿಗಿಯಾಗಿ ಹೆಣೆದಿತ್ತು, ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ನನ್ನದೂ ಹೋಗಿರಲಿಲ್ಲ. ಸಮೀಕರಣ ಬಿಡಿಸಿದಳು, ಕನ್ನಡ ಓದಿದಳು, ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ನಾನು ಮನಸ್ಸಿನಲ್ಲೇ ವಿನೂತನ ಕ್ರಮದ ವರದಿ ಬರೆಯಲು ಶುರುಮಾಡಿದ್ದೆ. ಅದರಲ್ಲಿ ‘ಸಮುದಾಯ’ ಎಂಬ ಪದ ಎಷ್ಟು ಸಲ ಬರಬೇಕೆಂದೂ ಯೋಚಿಸುತ್ತಿದ್ದೆ.

ಊಟ ಮುಗಿಯಿತು. ಅವಳು ತಟ್ಟೆ ತೊಳೆದಿಟ್ಟು ಬಂದು, ಬ್ಯಾಗು ಹೆಗಲಿಗೇರಿಸಿ ನನ್ನ ಮೇಜಿನ ಮುಂದೆ ನಿಂತಳು.

“ಎಲ್ಲಿಗೆ?”

ಅವಳು ನೆಲ ನೋಡಿದಳು. “ಅಜ್ಜಿ ಮಧ್ಯಾಹ್ನಕ್ಕೆ ಬಂದ್ಬುಡು ಅಂದವ್ರೆ ಮಿಸ್. ನೀವು ಮಾಡಿದ್ದು ಅರ್ಧಾಳು ಅಂತೆ.”

ನಗು ಬಂತು, ಸಿಟ್ಟೂ ಬಂತು. ಆದರೆ ಲೆಕ್ಕ ತಪ್ಪು ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ, ಬೋರ್ಡಿನ ಬಲಬದಿಯಲ್ಲಿ ಅರ್ಧಕ್ಕೆ ನಿಂತಿದ್ದ ಲೆಕ್ಕವನ್ನು ನೋಡುತ್ತ ನಿಂತಳು.

“ಅದನ್ನ ಅಳಿಸಲ್ಲ, ಹೋಗು” ಅಂದೆ. “ನಾಲ್ಕೂವರೆಗೆ ನಾನು ಸೊಪ್ಪಿಗೆ ಬರ್ತೀನಿ ಅಂತ ಅಜ್ಜಿಗೆ ಹೇಳು. ನಾಳಿದ್ದು ಭಾನುವಾರ ಬೆಳಗ್ಗೆಯಿಂದಲೇ ಬರ್ತೀನಿ, ಅದು ಪೂರ್ತಿ ಆಳು ಅಂತಲೂ ಹೇಳು.”